ಮೂರನೇ ಕೋಣೆ

ಬಸ್ಸು ವಿಜಯಪುರದ ನಿಲ್ದಾಣ ಬಿಟ್ಟು ಅಥಣಿ ರಸ್ತೆಗೆ ಹೊರಳಿದ ಮೇಲೂ ಅನುಜಾ ಮಗಳ ಕೈ ಬಿಟ್ಟಿರಲಿಲ್ಲ. ಮೃಣಾಲ ಕಿಟಕಿಯ ಕಡೆ ಕೂತಿದ್ದಳು. ಅವಳ ಶಾಲೆಗೆ ಈ ಶನಿವಾರ ರಜೆ. ಅಮ್ಮ ಕಲಿಸುವ ಶಾಲೆಯನ್ನು ನೋಡುತ್ತೇನೆಂಬ ಖುಷಿಯಲ್ಲಿ ಅವಳು ರಸ್ತೆಬದಿಯ ಎಮ್ಮೆಗಳಿಗೂ ಕೈಬೀಸುತ್ತಿದ್ದಳು. ಅನುಜಾ ಬಸ್ಸಿನ ಮಾಡನ್ನು ನೋಡುತ್ತಿದ್ದಳು. ತಗಡುಗಳು ಕೂಡುವಲ್ಲಿ ತುಕ್ಕಿನ ಗೆರೆಯೊಂದು ಹಿಂದಿನ ಸೀಟುಗಳವರೆಗೂ ಹರಿದಿತ್ತು. ಈ ವಾರವಿಡೀ ಹೀಗೆಯೇ. ಎಲ್ಲಿ ಕಾಲಿಟ್ಟರೂ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತಿತ್ತು: ನಿಲ್ದಾಣದ ಛಾವಣಿ, ಔಷಧಿ ಅಂಗಡಿಯ ಸಜ್ಜೆ, ಮನೆಯ ಅಡುಗೆಕೋಣೆಯಲ್ಲಿ ಫ್ಯಾನಿನ ಕೊಕ್ಕೆಯ ಸುತ್ತ ಹಬ್ಬಿದ ಕಂದು ಕಲೆ. ಜನ ಇಷ್ಟು ಭಾರವನ್ನು ತಲೆಯ ಮೇಲೆ ಇಟ್ಟುಕೊಂಡು ಅದರ ಕೆಳಗೇ ಚಹಾ ಕುಡಿಯುತ್ತಾರೆ, ಜಗಳಾಡುತ್ತಾರೆ, ಕೂಸುಗಳನ್ನು ಮಲಗಿಸುತ್ತಾರೆ ಎನ್ನುವುದು ನಲವತ್ತು ದಾಟಿದ ಮೇಲೆ ಮೊದಲ ಸಲ ತಿಳಿದವಳಂತೆ ಅವಳು ಬೆರಗಾಗಿದ್ದಳು.

ಮಗಳನ್ನು ಯಾಕೆ ಕರೆತಂದೆ ಎಂದು ಅವಳಿಗೇ ಸರಿಯಾಗಿ ತಿಳಿಯದು. ಬೆಳಗ್ಗೆ ಅತ್ತೆ ವತ್ಸಲಾಬಾಯಿ, "ಆ ಹುಡುಗೀನ್ನ ಬಸ್ಸಿನಾಗ ಯಾಕ ಗೋಳಾಡಸ್ತೀ? ನನ್ನ ಜೋಡಿ ಮಠಕ್ಕ ಬರ್ತಾಳ, ಅಲ್ಲೇ ಊಟ ಮಾಡಿ ಬರ್ತೀವಿ" ಎಂದಿದ್ದರು. ಬಬಲೇಶ್ವರದ ಬ್ಯಾಂಕಿಗೆ ಹೊರಟು ಬೂಟಿನ ದಾರ ಬಿಗಿಯುತ್ತಿದ್ದ ಗಂಡ ಮಧ್ವೇಶನೂ ತಲೆ ಎತ್ತಿ ಹೂಂ ಎಂದಿದ್ದ. ಅನುಜಾಳೇ, "ಇರ್ಲಿ ಬಿಡ್ರಿ, ನನ್ನ ಸಾಲಿ ಹೆಂಗ ಅದ ಅಂತ ಅಕಿನೂ ಒಂದು ಸಲ ನೋಡ್ಲಿ" ಎಂದುಬಿಟ್ಟಳು. ಹೇಳಿದ ಮೇಲೆ ಆ ಮಾತು ತನ್ನದಲ್ಲ, ಬೇರೆ ಯಾರಿಗೋ ಕೊಟ್ಟ ಉತ್ತರ ಎನಿಸಿತು. ಆ ಬೇರೆ ಯಾರೋ ಯಾರೆಂದು ಅವಳಿಗೆ ಗೊತ್ತಿತ್ತು. ಗೌರಾಬಾಯಿ. ಬುಧವಾರ ಶಾಲೆಯ ಗೇಟಿನ ಹತ್ತಿರ ಮೊಮ್ಮಗಳು ಶೈಲಶ್ರೀಯನ್ನು ಬಿಡಲು ಬಂದಿದ್ದ ಮುದುಕಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬದನೆಕಾಯಿಯ ದರ ಕೇಳುವಷ್ಟು ಸರಳವಾಗಿ ಕೇಳಿದ್ದಳು: "ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಮಗಳು ಆ ಮೂರನೇ ಕ್ವಾಣ್ಯಾಗ ಕುಂತಿದ್ರ ನೀವು ಏನಂತಿದ್ರಿ?" ಅನುಜಾ ನಕ್ಕಳು. "ನಾನೂ ಅದ ಕೋಣ್ಯಾಗ ದಿನಾ ನಿಂತು ಪಾಠ ಮಾಡ್ತೀನಲ್ಲ ಅಮ್ಮ, ನಂದೂ ಜೀವ ಅಲ್ಲೇನು?" ಎಂದಳು. ಉತ್ತರ ಚೆನ್ನಾಗಿದೆ ಎಂದು ಆ ಕ್ಷಣ ಅನಿಸಿಯೂ ಇತ್ತು. ಗೌರಾಬಾಯಿ, "ನಿಮ್ಮದಲ್ರಿ. ಮಗಳದು ಕೇಳೇನಿ" ಎಂದು ಹೇಳಿ ಹೋಗಿಬಿಟ್ಟಳು.

ಹೊನವಾಡದಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು, ದ್ರಾಕ್ಷಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಸ್ವಲ್ಪ ದೂರ ಹೋದರೆ ಅವಳ ಶಾಲೆಯಿರುವ ವಸ್ತಿ. ತೋಟದ ಮನೆಗಳವರು ಸೇರಿ ಮಾಡಿಕೊಂಡ ಸಣ್ಣ ಊರು ಅದು. ಶಾಲೆಯೆಂದರೆ ಸಾಲಾಗಿ ನಾಲ್ಕು ಕೋಣೆ, ಒಂದು ತುದಿಗೆ ಸಣ್ಣ ಆಫೀಸು, ಇನ್ನೊಂದು ತುದಿಗೆ ಅಡುಗೆಮನೆ, ಮುಂದೊಂದು ವರಾಂಡ, ಕಲ್ಲಿನ ಗೋಡೆ, ನಾಲ್ಕಕ್ಕೂ ಸೇರಿ ಒಂದೇ ಸ್ಲ್ಯಾಬು. ಕಳೆದ ಸೋಮವಾರ ಮೂರನೇ ಕೋಣೆಯ ಬೀಗ ತೆಗೆದಾಗ ಮೊದಲು ಬಂದದ್ದು ವಾಸನೆ, ಹಸಿ ಸುಣ್ಣದ, ಹಳೆಯ ಬಾವಿಯೊಳಗಿನಂಥ ವಾಸನೆ. ಆಮೇಲೆ ಕಂಡಿತು. ಭಾನುವಾರದ ಮಳೆಗೆ ಮೂಲೆಯಲ್ಲಿ ಛಾವಣಿಗೆ ಬಳಿದ ಗಾರೆಯ ಗಿಲಾವು ಹಾಸುಗಲ್ಲಿನಷ್ಟು ಅಗಲಕ್ಕೆ ಕಳಚಿ ಬಿದ್ದಿತ್ತು. ಬಿದ್ದ ಜಾಗದಲ್ಲಿ ಎರಡನೇ ಇಯತ್ತೆಯ ಹುಡುಗಿಯರು ಕೂಡುತ್ತಿದ್ದರು. ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ, ಸುಲಿದ ಪ್ರಾಣಿಯ ಪಕ್ಕೆಲುಬಿನಂತೆ ಕಾಣುತ್ತಿದ್ದವು. ಅವಳೂ, ಅವಳೊಡನೆ ಇದ್ದ ಇನ್ನೊಬ್ಬ ಶಿಕ್ಷಕಿ ಯಾಸ್ಮೀನಳೂ ಮಾತಿಲ್ಲದೆ ಪೊರಕೆ ಹಿಡಿದು ಎಲ್ಲ ಗುಡಿಸಿ ಹಿತ್ತಲಿಗೆ ಹಾಕಿದರು. ಮಕ್ಕಳು ಬರುವ ಮೊದಲೇ ಮುಗಿಯಬೇಕು ಎಂಬ ಅವಸರ ಏಕೆ ಬಂತೋ. ತಪ್ಪು ಮಾಡಿದವರು ಗುರುತು ಅಳಿಸುವ ಹಾಗೆ ಇಬ್ಬರೂ ಗುಡಿಸಿದರು. ಗುಡಿಸಿ ಮುಗಿದ ಮೇಲೆ ಯಾಸ್ಮೀನ, "ನಿನ್ನೆ ಐತವಾರ ಇತ್ತು, ಅಲ್ಲಾ ದೊಡ್ಡಾಂವ್ರಿ ಟೀಚರ್" ಎಂದಳು. ಶಾಲೆಯ ಉಸ್ತುವಾರಿ ಹೊತ್ತಿದ್ದ ಅನುಜಾ ಅಂದೇ ಇಲಾಖೆಗೆ ಫೋನು ಮಾಡಿದಳು. ಎಂಜಿನಿಯರು ಶನಿವಾರ ಬರುತ್ತಾರೆ ಎಂದರು.

ಆದರೆ ಶನಿವಾರದವರೆಗೆ ಮಕ್ಕಳನ್ನು ಎಲ್ಲಿ ಕೂಡಿಸುವುದು? ಮೊದಲ ದಿನ ವರಾಂಡದಲ್ಲಿ ಕೂಡಿಸಿದಳು. ಮಧ್ಯಾಹ್ನ ಮಳೆ ಅಡ್ಡ ಹೊಡೆದು ಪುಸ್ತಕ, ಚೀಲ, ಮಕ್ಕಳು ಎಲ್ಲ ತೊಯ್ದರು. ನಾಲ್ಕನೇ ಕೋಣೆ ಸೋರುತ್ತಿತ್ತು. ಮೊದಲ ಎರಡು ಕೋಣೆಗಳಲ್ಲಿ ಸಣ್ಣ ಮಕ್ಕಳು ಆಗಲೇ ತೊಡೆಗೆ ತೊಡೆ ಹತ್ತಿಸಿ ಕೂತಿದ್ದರು. ಸಂಜೆ ಶಾಲಾ ಸಮಿತಿಯ ಅಧ್ಯಕ್ಷ ಶಿವಯೋಗೆಪ್ಪ ಬೈಕಿನ ಮೇಲೆ ಬಂದು, ಕಾಲು ನೆಲಕ್ಕಿಟ್ಟೇ ಮಾತಾಡಿದ. "ಅಕ್ಕೋರ, ಹುಡುಗರನ್ನ ಹೊರಗ ಕುಂಡ್ರಿಸಿದ್ರ ಊರೆಲ್ಲಾ ಸುದ್ದಿ ಆಗ್ತೈತಿ. ಈಗ ಟಿಕೋಟಾದ ಪ್ರೈವೇಟ್ ಸಾಲಿದು ಹಳದಿ ವ್ಯಾನ ಒಂದ ಬರಾಕತ್ತೈತಿ. ನಾಳೆ ಎರಡ ಬರ್ತಾವ. ಆಮ್ಯಾಲ ನೀವೂ ಇಲ್ಲ, ಸಾಲೀನೂ ಇಲ್ಲ." ಬೆದರಿಕೆಯ ದನಿಯಲ್ಲ, ಅವನ ಮುಖದಲ್ಲಿಯೂ ಹೆದರಿಕೆಯೇ ಇತ್ತು. ಮರುದಿನ ಅನುಜಾ ಮಕ್ಕಳನ್ನು ಮತ್ತೆ ಮೂರನೇ ಕೋಣೆಗೆ ಕರೆದುಕೊಂಡು ಹೋದಳು. ಗಿಲಾವು ಬಿದ್ದ ಮೂಲೆಯನ್ನು ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಖಡುವಿನಿಂದ ಒಂದು ಗೆರೆ ಎಳೆದಳು. "ಈ ಗೆರಿ ದಾಟಬಾರ್ದು. ಯಾರೂ. ತಿಳೀತೇನು?" ಮಕ್ಕಳು ಹೂಂ ಎಂದರು. ಮಧ್ಯಾಹ್ನದ ಬಿಡುವಿನಲ್ಲಿ ನೋಡಿದರೆ ಹುಡುಗರು ಒಬ್ಬರನ್ನೊಬ್ಬರು ಗೆರೆಯಾಚೆ ನೂಕುತ್ತ, ಹೋಗಿ ಮುಟ್ಟಿ ಬಂದವನೇ ಧೀರ ಎಂಬ ಆಟ ಕಟ್ಟಿದ್ದರು. ಅವಳು ಒಬ್ಬನ ಬೆನ್ನಿಗೆ ಹೊಡೆದಳು. ಹೊಡೆಯಬಾರದೆಂಬ ನಿಯಮವನ್ನು ಇಷ್ಟು ವರ್ಷ ಮುರಿಯದವಳು ಹೊಡೆದಳು, ಆಮೇಲೆ ಆಫೀಸಿನ ಕುರ್ಚಿಯಲ್ಲಿ ಕೂತು ಹಾಜರಿ ಹಾಕುವವಳಂತೆ ತಲೆ ತಗ್ಗಿಸಿದಳು. ಮೇಲಿನಿಂದ ಬೀಳುವುದು ತನ್ನ ಗೆರೆಯನ್ನು ನೋಡಿ, ಮರ್ಯಾದೆ ಕೊಟ್ಟು, ಆಚೆಗೇ ಬೀಳುತ್ತದೆ ಎಂದು ತಾನು ನಂಬಿದ್ದೇನೆಯೇ? ನಂಬಿರಲಿಲ್ಲ. ಆದರೂ ಪಾಠ ಮಾಡುವಾಗ ಅವಳ ಕಾಲೂ ಆ ಗೆರೆಯ ಈಚೆಗೇ ನಿಲ್ಲುತ್ತಿತ್ತು.

ಈ ಶನಿವಾರ ತಾಯಿ ಮಗಳು ಶಾಲೆ ತಲುಪಿದಾಗ ಎಂಜಿನಿಯರು ಸತೀಶಕುಮಾರ ಆಗಲೇ ಬಂದಿದ್ದ. ಇನ್ನೂ ಮೂವತ್ತಾಗದ, ಗಡ್ಡ ಒಪ್ಪವಾಗಿ ಕತ್ತರಿಸಿದ ಹುಡುಗ. ಕೈಯಲ್ಲಿ ಸಣ್ಣ ಸುತ್ತಿಗೆ. ಶಿವಯೋಗೆಪ್ಪ ಬಿಳಿ ಅಂಗಿಯಲ್ಲಿ ಅವನ ಹಿಂದೆ ಹಿಂದೆ ನಡೆಯುತ್ತಿದ್ದ. ವರಾಂಡದ ಕಟ್ಟೆಯ ಮೇಲೆ ಗೌರಾಬಾಯಿ ಕೂತಿದ್ದಳು. ಅವಳೂ ಸಮಿತಿಯ ಸದಸ್ಯೆ ಎಂಬುದು ಅನುಜಾಳಿಗೆ ಮರೆತೇಹೋಗಿತ್ತು. ಮೃಣಾಲಳನ್ನು ನೋಡಿ ಮುದುಕಿಯ ಮುಖ ಅರಳಿತು. "ಮಗಳೇನ್ರಿ? ಬಾ ಯವ್ವಾ, ಬಾ. ನಿಮ್ಮವ್ವನ ಹಂಗ ಅದಾಳ ನೋಡ್ರಿ." ಅನುಜಾ ಒಂದು ಕ್ಷಣ ಅಲ್ಲಿಯೇ ನಿಂತಳು. ನೋಡು, ಕರೆದುಕೊಂಡು ಬಂದಿದ್ದೇನೆ ಎಂದು ಅವಳ ಮೈಯೆಲ್ಲ ಹೇಳುತ್ತಿತ್ತು. ಗೌರಾಬಾಯಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವಳು ಮೃಣಾಲಳ ಗಲ್ಲ ಸವರಿ ಮೊಮ್ಮಗಳನ್ನು ಕೂಗಿದಳು. ಶೈಲಶ್ರೀ ಬಂದು, ಪೇಟೆಯ ಹುಡುಗಿಯ ಬಿಳಿ ಬೂಟುಗಳನ್ನು ಕಣ್ತುಂಬ ನೋಡಿ, ಏನೂ ಹೇಳದೆ ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. "ಆಫೀಸಿನ್ಯಾಗ ಕೂತು ಆಡ್ರಿ" ಎಂದು ಅನುಜಾ ಕೂಗಿ ಹೇಳಿದಳು.

ಸತೀಶಕುಮಾರ ಕೋಣೆಯಿಂದ ಕೋಣೆಗೆ ಹೋಗಿ ಸ್ಟೂಲು ಹತ್ತಿ ಸುತ್ತಿಗೆಯಿಂದ ಸ್ಲ್ಯಾಬನ್ನು ಬಡಿದು ನೋಡಿದ. ಮೊದಲ ಕೋಣೆಯಲ್ಲಿ ಟಣ್ ಎಂದಿತು. "ಇಲ್ಲಿ ಗಟ್ಟಿ ಐತ್ರಿ." ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ ಮಕ್ಕಳನ್ನು ಗೋಡೆಗೆ ಸರಿಸಿ ಬಡಿದಾಗ, ಪೊಳ್ಳು ಹಲಗೆಯ ಮೇಲೆ ಬೆರಳಿನ ಗೆಣ್ಣು ತಟ್ಟಿದಂಥ ಸದ್ದು ಬಂತು. ಒಂದು ಹಿಡಿ ಧೂಳು ಅವನ ಗಡ್ಡದ ಮೇಲೆ ಬಿತ್ತು. ಮಕ್ಕಳು ನಕ್ಕರು. ಅನುಜಾಳ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಂಡವು. ಅವನು ಇಳಿದು ಗಡ್ಡ ಒರೆಸಿಕೊಳ್ಳುತ್ತ ವರಾಂಡಕ್ಕೆ ಬಂದ. "ನೋಡ್ರಿ ಮೇಡಂ, ಎರಡೂ ಆಗತೈತಿ. ಹಳೇ ಗಿಲಾವ ಕೆಡವಿ, ಸರಳ ತಿಕ್ಕಿ, ಔಷಧ ಬಡದು, ಮತ್ತ ಗಿಲಾವ ಮಾಡಬಹುದು. ಮ್ಯಾಲ ಸೋರದಂಗ ಹಾಸಬಹುದು. ನಡೀತೈತಿ. ಎಷ್ಟ ವರ್ಷ ಅಂತ ಕೇಳಬ್ಯಾಡ್ರಿ. ಇಲ್ಲಾ, ಪೂರಾ ಕೆಡವಿ ಹೊಸಾದು ಕಟ್ಟಬೇಕು. ಕೆಡವೂದು ದೀಪಾವಳಿ ಸೂಟಿಯಾಗ ಆಗತೈತಿ. ಕಟ್ಟೂದು ಯಾವಾಗ ಅಂತನೂ ಕೇಳಬ್ಯಾಡ್ರಿ." ಅವನು ಸ್ವಲ್ಪ ನಾಚಿಕೊಂಡಂತೆ ನಕ್ಕ. "ನಾ ಒಂದ ಬರದ್ರ ಮ್ಯಾಲಿನವ್ರು ಯಾಕ ಅಂತಾರ, ಇನ್ನೊಂದ ಬರದ್ರೂ ಯಾಕ ಅಂತಾರ. ದಿನಾ ಆ ಮಾಡಿನ ಕೆಳಗ ಇರಾವ್ರು ನೀವು. ನೀವು ಏನಂತೀರಿ ಅದನ್ನ ಬರೀತೇನಿ."

ಹೀಗೆ ಅದು ಅವಳ ಕೈಗೆ ಬಂತು. ಎಂಜಿನಿಯರು ಒಂದು ಹೇಳುತ್ತಾನೆ, ತಾನು ತಲೆದೂಗುತ್ತೇನೆ, ಆಮೇಲೆ ಏನಾದರೂ ಆದರೆ ಎಂಜಿನಿಯರು ಹೇಳಿದ್ದ ಎನ್ನಬಹುದು ಎಂದು ವಾರವಿಡೀ ಕಾದಿದ್ದಳೆಂಬುದು ಈಗ ಅವಳಿಗೇ ಸ್ಪಷ್ಟವಾಯಿತು. ಅವನೂ ಅದಕ್ಕಾಗಿಯೇ ಅವಳ ಮುಖ ನೋಡುತ್ತಿದ್ದ. ಶಿವಯೋಗೆಪ್ಪ ತಡೆಯಲಾರದೆ ಮಾತಾಡಿದ. "ಸಾಹೇಬ್ರ, ನಮ್ಮಪ್ಪ, ನಮ್ಮ ಕಾಕಾಗೋಳು ಎಲ್ಲಾ ಇದಕ ಕಲ್ಲ ಹೊತ್ತಾರ. ರಿಪೇರಿ ಮಾಡ್ರಿ. ಆ ಕನಮಡಿ ಹಾದ್ಯಾಗ ಒಂದ ವಸ್ತ್ಯಾಗ ಸಾಲಿ ಕೆಡವಿದ್ರು, ಹುಡುಗರು ಗುಡಿ ಕಟ್ಟಿ ಮ್ಯಾಲ ಕುಂತ್ರು. ಬರ್ತೈತಿ ಬರ್ತೈತಿ ಅಂದ್ರು. ಹುಡುಗರ ಹೋದ್ರು, ಸಾಲಿ ಬರಲಿಲ್ಲ. ಈಗ ಅಲ್ಲಿ ಜಾಲಿ ಬೆಳದೈತಿ. ನಾನ ಹೋಗಿ ನೋಡಿ ಬಂದೇನಿ. ನೋಡಿದ್ರ ಎದಿ ಝಲ್ಲ ಅಂತೈತ್ರಿ." ಅವನ ಕಣ್ಣಂಚು ಕೆಂಪಾಗಿತ್ತು. ತನ್ನ ಹೆದರಿಕೆ ಬೇರೆ, ಇವನ ಹೆದರಿಕೆ ಬೇರೆ. ಎರಡೂ ನಿಜ, ಎರಡೂ ಮಕ್ಕಳದ್ದೇ. ಕೆಡವಿದರೆ ಖಾಲಿ ಜಾಗ, ಹಳದಿ ವ್ಯಾನು, ವ್ಯಾನಿಗೆ ಕೊಡಲು ಆಗದವರ ಮಕ್ಕಳು ದನದ ಹಿಂದೆ. ಕೆಡವದಿದ್ದರೆ... ಅಲ್ಲಿಗೆ ಅವಳ ಯೋಚನೆ ಪ್ರತಿ ಸಲ ನಿಂತುಬಿಡುತ್ತಿತ್ತು, ಕಾಲಿಗೆ ಏನೋ ತೊಡರಿದ ಹಾಗೆ. ಯಾವ ಮಗು, ಯಾವ ಪಾಠದ ನಡುವೆ, ಯಾವ ಪ್ರಶ್ನೆಗೆ ಕೈ ಎತ್ತಿದಾಗ. ಅವಳು ಗೌರಾಬಾಯಿಯ ಕಡೆ ನೋಡಿದಳು. ಮುದುಕಿ ಅಂಗಳದಲ್ಲಿ ನಿಂತ ಮಳೆನೀರನ್ನು ನೋಡುತ್ತಿದ್ದಳು. ಎಲ್ಲರೂ ಕಾಯುತ್ತಿದ್ದಾರೆ, ಈಗ ಒಂದು ಮಾತು ಹೇಳಿದರೆ ಈ ಕಾಯುವಿಕೆ ಮುಗಿಯುತ್ತದೆ, ಶಿವಯೋಗೆಪ್ಪನ ಮುಖ ತಿಳಿಯಾಗುತ್ತದೆ ಎಂಬುದಷ್ಟೇ ಅವಳಿಗೆ ಕಂಡಿತು. "ದುರಸ್ತೀನ ಆಗ್ಲಿ ತಗೋರಿ" ಎಂದಳು. ಮಾತು ಬಾಯಿಂದ ಬಿದ್ದ ಕೂಡಲೆ ಹಗುರವಾಯಿತು. ಇಷ್ಟೇನಾ ಎನಿಸಿತು. "ಕೆಲಸ ಸುರು ಆಗೋ ಮಟ ಮಕ್ಕಳು ಅಲ್ಲೇ ಕೂಡ್ತಾರ. ನಾ ನೋಡ್ಕೋತೀನಿ." ಶಿವಯೋಗೆಪ್ಪ ಎರಡೂ ಕೈ ಜೋಡಿಸಿದ. ಚಹಾ ತರಲು ಯಾರನ್ನೋ ಕೂಗಿದ. ಸತೀಶಕುಮಾರ ಪೆನ್ನು ತೆಗೆದ.

ಆಗ ಸದ್ದಾಯಿತು. ಎಲ್ಲಿಂದ ಎಂದು ತಿಳಿಯುವ ಮೊದಲೇ, ಏನು ಎಂದು ತಿಳಿಯುವ ಮೊದಲೇ, ಕೋಣೆಗಳ ಆ ತುದಿಯಿಂದ ರಾಶಿ ರಾಶಿ ಸುರಿದಂಥ ಸದ್ದು. ಅನುಜಾ ಆಫೀಸಿನ ಬಾಗಿಲ ಕಡೆ ನೋಡಿದಳು. ಒಳಗೆ ಯಾರೂ ಇರಲಿಲ್ಲ. ಎರಡು ಖಾಲಿ ಕುರ್ಚಿಗಳು. ಆಮೇಲೆ ಅವಳು ನಡೆದದ್ದಾಗಲಿ ಓಡಿದ್ದಾಗಲಿ ಅವಳಿಗೆ ನೆನಪಿಲ್ಲ. ಮೂರನೇ ಕೋಣೆಯ ಹೊಸ್ತಿಲಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಬಿಳಿ ಬೂಟು. ಮೃಣಾಲ ಆ ಮೂಲೆಯಲ್ಲಿ, ಖಡುವಿನ ಗೆರೆಯ ಆಚೆ, ಶೈಲಶ್ರೀಯ ಎದುರಿಗೆ ಕಾಲು ಮಡಚಿ ಕೂತು ಗಜ್ಜುಗ ಆಡುತ್ತಿದ್ದಳು. ಅವಳ ಮೇಲೆ ಆ ಸರಳುಗಳು. ಅನುಜಾ ಮಕ್ಕಳನ್ನು ತುಳಿದುಕೊಂಡು ಹೋದಳು. ಯಾರದೋ ಬೆರಳು ಅವಳ ಚಪ್ಪಲಿಯ ಕೆಳಗೆ ಸಿಕ್ಕಿ ಯಾರೋ ಚೀರಿದರು. ಮಗಳ ರಟ್ಟೆ ಹಿಡಿದು, ಎತ್ತಿಯೂ ಎತ್ತದೆ, ದರದರ ಎಳೆದುಕೊಂಡು, ಬಾಗಿಲು ದಾಟಿ, ವರಾಂಡ ದಾಟಿ, ಮೆಟ್ಟಿಲು ಹಾರಿ, ಅಂಗಳದ ನಡುವೆ ಕೆಸರಿನಲ್ಲಿ ಬಂದು ನಿಂತಳು. ಎದೆಗೆ ಅವಚಿಕೊಂಡಳು. ಬದುಕ್ಯಾಳ, ಬದುಕ್ಯಾಳ ಎಂದು ಯಾರೋ ಹೇಳುತ್ತಿದ್ದರು, ಅದು ತಾನೇ.

ಯಾವುದೂ ಬಿದ್ದಿರಲಿಲ್ಲ. ಅಡುಗೆಮನೆಯಲ್ಲಿ ಬಿಸಿಯೂಟದ ತಾಟುಗಳ ಗೋಪುರ ಜಾರಿ ನೆಲಕ್ಕುರುಳಿತ್ತು. ಕೊನೆಯ ತಾಟೊಂದು ಇನ್ನೂ ತಿರುಗುತ್ತ ಸದ್ದು ಸಣ್ಣದಾಗುತ್ತಿತ್ತು. ಅನುಜಾ ತಲೆ ಎತ್ತಿದಳು. ಮೂರನೇ ಕೋಣೆಯ ತೆರೆದ ಬಾಗಿಲಿನೊಳಗಿಂದ ಮಕ್ಕಳು ಅವಳನ್ನು ನೋಡುತ್ತಿದ್ದರು. ಒಬ್ಬರೂ ಎದ್ದಿರಲಿಲ್ಲ. ಏಳಿರಿ ಎಂದು ಅವಳು ಹೇಳಿರಲಿಲ್ಲವಲ್ಲ. ಹೇಳದೆ ಏಳಬಾರದೆಂದು ಅವಳೇ ಕಲಿಸಿದ ಮಕ್ಕಳು, ಕೂತಲ್ಲೇ ಕೂತು, ಕತ್ತು ಉದ್ದ ಮಾಡಿ ಟೀಚರನ್ನು ನೋಡುತ್ತಿದ್ದರು. ಶೈಲಶ್ರೀ ಮೂಲೆಯಲ್ಲಿ, ಕೈಯಲ್ಲಿ ಹಿಡಿದ ಗಜ್ಜುಗ ಹಾಗೇ ಹಿಡಿದು, ಎದುರಿನ ಖಾಲಿ ಜಾಗವನ್ನು ನೋಡುತ್ತಿದ್ದಳು. ವರಾಂಡದಲ್ಲಿ ಶಿವಯೋಗೆಪ್ಪ, ಪೆನ್ನು ಹಿಡಿದ ಸತೀಶಕುಮಾರ, ಯಾಸ್ಮೀನ. ಯಾರಾದರೂ ಬೈದಿದ್ದರೆ, ನಕ್ಕಿದ್ದರೆ, ಅನುಜಾಳಿಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಗೌರಾಬಾಯಿ ಕಟ್ಟೆಯಿಂದ ನಿಧಾನವಾಗಿ ಎದ್ದಳು. ಮೊಣಕಾಲಿನ ಮೇಲೆ ಕೈಯೂರಿ, ಸೊಂಟ ನೆಟ್ಟಗೆ ಮಾಡಿಕೊಂಡು, ಮೂರನೇ ಕೋಣೆಯೊಳಗೆ ಹೋದಳು. ಮೊಮ್ಮಗಳ ಕೈ ಹಿಡಿದು ಹೊರಗೆ ಬಂದಳು. ಮೆಟ್ಟಿಲಿಳಿದು ಕೆಸರಿನಲ್ಲಿ ಬಂದು ಅನುಜಾಳ ಪಕ್ಕದಲ್ಲಿ ನಿಂತಳು. ಅವಳ ಕಡೆ ತಿರುಗಿಯೂ ನೋಡಲಿಲ್ಲ. "ಉಳದಾವ್ರ ಅವ್ವಗೋಳು ಇಲ್ಲಿ ಇಲ್ರಿ ಅಕ್ಕೋರ" ಎಂದಳು.

ಅನುಜಾ ಒಳಗೆ ಹೋದಳು. ಗೋಡೆ ಹಿಡಿದುಕೊಂಡು ಹೋದಳು. ಕಲ್ಲಿನ ಗೋಡೆ ತೇವವಾಗಿತ್ತು. "ಏಳ್ರಿ. ಚೀಲ ಬಿಟ್ಟ ಬರ್ರಿ. ಒಬ್ಬೊಬ್ಬರ." ಬೆರಳು ತುಳಿಸಿಕೊಂಡ ಹುಡುಗಿ ಅಳುತ್ತಿದ್ದಳು, ಅವಳನ್ನು ಎತ್ತಿಕೊಂಡಳು. ಹುಡುಗಿ ಭಾರವಾಗಿದ್ದಳು. ಮಕ್ಕಳೆಲ್ಲ ಅಂಗಳಕ್ಕಿಳಿದ ಮೇಲೆ ಸತೀಶಕುಮಾರ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಂತೆ, "ಏನ್ ಬರೀಲ್ರಿ ಮೇಡಂ?" ಎಂದ. "ಕೆಡವ್ರಿ" ಎಂದಳು. ಶಿವಯೋಗೆಪ್ಪ ಅಂಗಳದಲ್ಲಿ ನಿಂತ ಮಕ್ಕಳ ಕಡೆ ತಿರುಗಿದ. ಚಹಾ ಬಂತು. ಅದನ್ನು ಎಲ್ಲರೂ ಕುಡಿದರು.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ಮೃಣಾಲ ಕಿಟಕಿಯ ಹೊರಗೆ ನೋಡಲಿಲ್ಲ. ಅವಳ ರಟ್ಟೆಯ ಮೇಲೆ ತಾಯಿಯ ಬೆರಳುಗಳು ಕೆಂಪಾಗಿ ಮೂಡಿದ್ದವು. ಟಿಕೋಟಾ ದಾಟಿದ ಮೇಲೆ ಅವಳು ಕೇಳಿದಳು: "ಅಮ್ಮಾ, ನನ್ನೊಬ್ಬಾಕಿನ್ನಷ್ಟ ಯಾಕ ಎಳಕೊಂಡು ಬಂದಿ? ಅಕಿ ನನ್ನ ಎದುರಿಗೇ ಕೂತಿದ್ಲಲ್ಲ." ಕಂಡಕ್ಟರ ಚಿಲ್ಲರೆ ಕೊಡಲು ಬಂದ. ಅನುಜಾ ಅದನ್ನು ಬಹಳ ಹೊತ್ತು ಪರ್ಸಿನಲ್ಲಿ ಜೋಡಿಸಿದಳು. "ನನಗ ಗೊತ್ತಾಗ್ಲಿಲ್ಲ ನೋಡು" ಎಂದಳು ಕೊನೆಗೆ. ಅದು ಸುಳ್ಳಲ್ಲ. ಆದರೆ ಒಂದು ಸುಳ್ಳು ಹೇಳಿದ್ದರೆ ಮಗು ನಂಬುತ್ತಿತ್ತೇನೋ. ಸಂಜೆ ಮೃಣಾಲ ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿದಳು. ವತ್ಸಲಾಬಾಯಿ ಮೊಮ್ಮಗಳ ತೋಳಿಗೆ ಎಣ್ಣೆ ಸವರುತ್ತ, "ಹೆತ್ತ ಕರುಳು, ಅದಕ್ಕ ಏನ್ ಮಾಡ್ಲಿಕ್ಕಾಗ್ತದ?" ಎಂದರು. ಮಧ್ವೇಶನೂ ಪೇಪರು ಮಡಚಿಟ್ಟು, "ಯಾರಿದ್ರೂ ಹಂಗ ಮಾಡ್ತಿದ್ರು ಅನು" ಎಂದ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದು ನಿಜವೂ ಇರಬಹುದು. ಯಾರಿದ್ದರೂ ಹಾಗೆ ಮಾಡುತ್ತಿದ್ದರು ಎಂಬ ಆ ಮಾತೇ ಅವಳನ್ನು ಹೆಚ್ಚು ಹೆದರಿಸಿತು.

ಸೋಮವಾರದಿಂದ ಶಾಲೆ ಶಿವಯೋಗೆಪ್ಪನ ತೋಟದ ಮಣೂಕದ ಶೆಡ್ಡಿಗೆ ಹೋಯಿತು. ದ್ರಾಕ್ಷಿ ಒಣಗಿಸಲು ಕಟ್ಟಿದ ಉದ್ದನೆಯ ತಗಡಿನ ಚಪ್ಪರ ಅದು. ಸುತ್ತ ಹಸಿರು ಪರದೆ, ಒಳಗೆ ಮೇಲಿನಿಂದ ಕೆಳಗೆ ಅಂತಸ್ತು ಅಂತಸ್ತಾಗಿ ಜಾಳಿಗೆ. ಯಾರೂ ಕೇಳದೆಯೇ ಅವನು ಜಾಳಿಗೆಗಳನ್ನು ಬಿಚ್ಚಿಸಿ, ನೆಲಕ್ಕೆ ತಾಡಪತ್ರಿ ಹಾಸಿಸಿದ್ದ. "ಮಾಘದಾಗ ಹಣ್ಣ ಕೊಯ್ಲಿಗೆ ಬರ್ತಾವ್ರಿ. ಅಲ್ಲೀ ಮಟ ನಿಮ್ದು" ಎಂದ. ಅವನು ಹೇಳಿದಂತೆಯೇ ಕೆಲವು ಮಕ್ಕಳು ಹಳದಿ ವ್ಯಾನು ಹತ್ತಿದರು. ಬೆಳಗ್ಗೆ ಟಂಟಂನಲ್ಲಿ ಬರುವಾಗ ಎದುರಿನಿಂದ ವ್ಯಾನು ಬಂದರೆ ಅನುಜಾ ಬೇರೆ ಕಡೆ ನೋಡುತ್ತಿದ್ದಳು. ಹತ್ತಿದ ಮಕ್ಕಳು ಮಾತ್ರ ಕಿಟಕಿಯಿಂದ "ಟೀಚರ್, ಟೀಚರ್" ಎಂದು ಕೂಗುತ್ತಿದ್ದರು. ಶೈಲಶ್ರೀ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಗೌರಾಬಾಯಿಯನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ದೀಪಾವಳಿ ಸೂಟಿಯಲ್ಲಿ ಜೆಸಿಬಿ ಬಂತು. ಬರಬೇಕಾದ ಅಗತ್ಯವಿಲ್ಲದಿದ್ದರೂ ಅನುಜಾ ಬಂದಳು. ವಸ್ತಿಯ ಜನ ಬೇವಿನ ಮರದ ಕೆಳಗೆ ನಿಂತಿದ್ದರು. ಮೊದಲು ಮೂರನೇ ಕೋಣೆ ಎಂದು ಸತೀಶಕುಮಾರ ಹೇಳಿದ. ಅದು ಸಲೀಸಾಗಿ ಕೆಳಗೆ ಬರುತ್ತದೆ ಎಂದ. ಬರಲಿಲ್ಲ. ಯಂತ್ರದ ಸೊಂಡಿಲು ಹೊಡೆದು ಹೊಡೆದು ಹಿಂದೆ ಸರಿಯಿತು. ಗಿಲಾವು ಉದುರಿತು, ಕಲ್ಲು ಮಿಸುಕಲಿಲ್ಲ. ಜನರ ನಡುವೆ ಒಂದು ಗುಜುಗುಜು ಎದ್ದಿತು. "ಇನ್ನೂ ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲತಿತ್ತೋ ಇದು" ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಅನುಜಾ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ತಾಟು ಬಿದ್ದ ಸದ್ದಿಗೆ ಒಂದು ಶಾಲೆಯನ್ನು ಕೆಡವಿಸಿದ ಹೆಂಗಸು ತಾನು. ಬೆನ್ನ ಹಿಂದೆ ಯಾರ ಕಣ್ಣು ಯಾವ ಜಾಗದಲ್ಲಿ ತಾಗುತ್ತಿದೆ ಎಂಬುದೂ ಅವಳಿಗೆ ತಿಳಿಯುತ್ತಿತ್ತು. ಯಂತ್ರದವನು ಬೇಸತ್ತು ಗಾಡಿ ತಿರುಗಿಸಿ, ಈ ಕಡೆಯಿಂದ ನೋಡೋಣ ಎಂದು ಮೊದಲ ಕೋಣೆಯ ಹತ್ತಿರ ಬಂದ. ಸೊಂಡಿಲು ಕಿಟಕಿಯ ಮೇಲಿನ ಕಲ್ಲಿಗೆ ತಾಗಿತು. ತಾಗಿದ್ದಷ್ಟೇ. ಆ ಕೋಣೆಯ ಮೇಲಿನ ಸ್ಲ್ಯಾಬಷ್ಟೂ ಉಳಿದದ್ದರಿಂದ ಕಳಚಿ, ಒಂದೇ ತುಂಡಾಗಿ, ಒಂದು ನಿಟ್ಟುಸಿರಿನಂತೆ ಕೆಳಗೆ ಕೂತುಬಿಟ್ಟಿತು.

ಧೂಳು ಮರದ ತನಕ ಬಂತು. ಜನ ಹಿಂದೆ ಸರಿದರು. ಧೂಳು ಇಳಿದ ಮೇಲೆ ನೋಡಿದರೆ ಗೋಡೆಯ ಮೇಲೆ ಅಕ್ಷರಮಾಲೆಯ ಬಣ್ಣದ ಚಿತ್ರಗಳು ಹಾಗೇ ಇದ್ದವು, ಅವುಗಳ ಕೆಳಗೆ ಸ್ಲ್ಯಾಬು ನೆಲಕ್ಕೆ ಅಂಟಿ ಮಲಗಿತ್ತು. ಮೊದಲ ಕೋಣೆ. ಒಂದನೇ ಇಯತ್ತೆಯವರು ಕೂಡುವ ಕೋಣೆ, ಟಣ್ ಎಂದು ಸದ್ದು ಕೊಟ್ಟ ಕೋಣೆ. ಆ ವಾರ ಅಳುವ ಸಣ್ಣ ಮಕ್ಕಳನ್ನು, ಇಲ್ಲಿ ಏನೂ ಭಯವಿಲ್ಲ ಎಂದು ಅವಳೇ ಕೂಡಿಸಿ ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದ ಕೋಣೆ. ಅವಳು ಒಂದು ಸಲವೂ ತಲೆ ಎತ್ತಿ ನೋಡಿರಲಿಲ್ಲ ಅಲ್ಲಿ. ಅವಳ ಗೆರೆ, ಅವಳ ಹೆದರಿಕೆ, ಅವಳ ಓಟ ಎಲ್ಲವೂ ಬೇರೆ ಕೋಣೆಯಲ್ಲಿದ್ದವು. ಸತೀಶಕುಮಾರ ತಲೆಯ ಮೇಲಿನ ಹೆಲ್ಮೆಟ್ಟು ತೆಗೆದು ಮತ್ತೆ ಹಾಕಿಕೊಂಡ. ಶಿವಯೋಗೆಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಗಳಿಂದ ಮುಖ ಒರೆಸಿಕೊಂಡ. ಒಂದನೇ ಇಯತ್ತೆಯಲ್ಲಿ ಅವನ ತಮ್ಮನ ಮಗನಿದ್ದ. "ಯಪ್ಪಾ, ಯಪ್ಪಾ" ಎನ್ನುತ್ತಿದ್ದ. ಯಾರೋ ಬಂದು ಅನುಜಾಳಿಗೆ, "ನೀವು ಪುಣ್ಯಾದ ಕೆಲಸ ಮಾಡಿದ್ರಿ ಅಕ್ಕೋರ" ಎಂದರು. ಅವಳು ಆ ಮನುಷ್ಯನ ಮುಖವನ್ನು ಬಹಳ ದೂರದಿಂದ ನೋಡುವವಳಂತೆ ನೋಡಿದಳು. ಮೂರನೇ ಕೋಣೆಯನ್ನು ಕೆಡವಲು ಮರುದಿನ ಸಂಜೆಯಾಯಿತು.

ಹೊಸ ಕಟ್ಟಡಕ್ಕೆ ಮಂಜೂರಿಯಾಗಿದೆ ಎಂದು ಒಮ್ಮೆ ಕೇಳಿಬಂತು, ಇಲ್ಲ ಎಂದು ಇನ್ನೊಮ್ಮೆ. ಖಾಲಿ ಜಾಗದ ಕಲ್ಲುಗಳನ್ನು ಶಿವಯೋಗೆಪ್ಪ ಒಂದೂ ಹೋಗದಂತೆ ರಾಶಿ ಹಾಕಿಸಿ ಕಾಯುತ್ತಿದ್ದ. ಚಳಿಗಾಲ ಅರ್ಧ ಕಳೆದಿತ್ತು. ದ್ರಾಕ್ಷಿ ಗೊನೆಗಳು ಕಾಳು ತುಂಬಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಅನುಜಾ ಪದ್ಯ ಹೇಳಿಕೊಡುತ್ತಿದ್ದಳು, ಮಕ್ಕಳು ಹಿಂದೆ ಹೇಳುತ್ತಿದ್ದರು. ತೋಟದ ಆಚೆಯಿಂದ ಸುಳಿಗಾಳಿಯೊಂದು ಒಣ ಎಲೆಗಳನ್ನು ಎತ್ತಿಕೊಂಡು ಬಂದು ಹಸಿರು ಪರದೆಯ ಹೊಟ್ಟೆಯುಬ್ಬಿಸಿತು, ಮೇಲಿನ ತಗಡನ್ನು ಹಿಡಿದು ಧಡಧಡ ಅಲ್ಲಾಡಿಸಿತು. ಮಕ್ಕಳ ದನಿ ನಿಂತಿತು. ಅನುಜಾ ತಗಡನ್ನು ನೋಡಿದಳು, ಆಮೇಲೆ ಮಕ್ಕಳನ್ನು. ಅವರಲ್ಲಿ ಒಬ್ಬರೂ ಮೇಲೆ ನೋಡುತ್ತಿರಲಿಲ್ಲ. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅಷ್ಟು ಕಣ್ಣುಗಳು, ರೆಪ್ಪೆ ಬಡಿಯದೆ. ಏಳಬೇಕೋ ಬೇಡವೋ ಎನ್ನುವುದನ್ನು ಅವರು ಈಗ ಅವಳ ಮುಖದ ಮೇಲೆ ಓದುತ್ತಿದ್ದರು, ಎಂದಿನಿಂದಲೋ ಓದುತ್ತಿದ್ದರು.

ಬರೀ ಗಾಳಿ, ಕೂಡ್ರಿ ಎನ್ನಬಹುದಿತ್ತು. ಬಹುಶಃ ಅದು ಬರೀ ಗಾಳಿಯೇ. ಆದರೆ ಯಾವುದು ಬರೀ ಗಾಳಿ, ಯಾವುದು ಅಲ್ಲ ಎಂದು ಹೇಳುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ಅವಳು ಪುಸ್ತಕ ಮುಚ್ಚಿದಳು. "ಏಳ್ರಿ. ಎಲ್ಲಾರೂ" ಎಂದಳು. ಅವರು ಎದ್ದರು. ಗದ್ದಲವಿಲ್ಲದೆ, ಒಬ್ಬರ ಕೈ ಒಬ್ಬರು ಹಿಡಿದು, ಪರದೆ ಸರಿಸಿ ಹೊರಗೆ ನಡೆದರು. ಅವಳು ಪರದೆಯನ್ನು ಎತ್ತಿ ಹಿಡಿದು ನಿಂತಿದ್ದಳು. ತಲೆಯ ಮೇಲೆ ತಗಡು ಬಡಿದುಕೊಳ್ಳುತ್ತಲೇ ಇತ್ತು. ಸಾಲಿನ ಕೊನೆಗಿದ್ದ ಶೈಲಶ್ರೀ ಅವಳ ಹತ್ತಿರ ಬಂದು ನಿಂತುಬಿಟ್ಟಳು. "ನೀವು ಬರೂದಿಲ್ರಿ ಟೀಚರ್?" ಎಂದಳು. "ನೀ ಮುಂದ ನಡಿ ಯವ್ವಾ" ಎಂದಳು ಅನುಜಾ.